ಆಯಿಲ್ ಫಿಲ್ಟರೂ ಹಲಸಿನ ಮೇಣವೂ

ಮೊನ್ನೆ ಪೇಟೆಗೆ ಹೋದಾಗ ಒಂದು ಹಣ್ಣಿನ ಅಂಗಡಿಯಲ್ಲಿ ಹಲಸಿನ ಸೊಳೆಗಳನ್ನು ಬಿಡಿಸಿ, ಬೀಜ ತೆಗೆದು, ಪ್ಲಾಸ್ಟಿಕ್ ಡಬ್ಬಿಯೊಳಗೆ ಸಾಲಾಗಿ ಮಲಗಿಸಿಟ್ಟದ್ದನ್ನು ಕಂಡೆ. "ತಗೊಳ್ಳಿ ಸಾರ್, ಒಂಚೂರೂ ಮೇಣ ಇಲ್ಲ, ಕೈಗೆ ಎಂತ ಸಹ ಹತ್ತುದಿಲ್ಲ" ಎಂದು ಅಂಗಡಿಯ ಹುಡುಗ ಹೆಮ್ಮೆಯಿಂದ ಹೇಳಿದ. ನನಗೆ ಆ ಹಣ್ಣಿನ ಮೇಲೆ ಕನಿಕರ ಬಂತು. ಮೇಣವಿಲ್ಲದ ಹಲಸು ಎಂದರೆ ತಕರಾರಿಲ್ಲದ ಕಕ್ಷಿಗಾರನ ಹಾಗೆ. ನೋಡುವುದಕ್ಕೆ ಚೆಂದ, ಆದರೆ ನನ್ನಂಥ ವಕೀಲನಿಗೆ ಅವನಿಂದ ಏನೂ ಪ್ರಯೋಜನವಿಲ್ಲ. ಒಂದು ಡಬ್ಬಿ ಕೊಂಡು ಮನೆಗೆ ತಂದೆ. ತಿನ್ನುತ್ತಾ ಕುಳಿತಾಗ ನೆನಪಾದದ್ದು ಮಾತ್ರ ಹಣ್ಣಲ್ಲ, ಕಾರು.

ಮೇಣಕ್ಕೂ ಕಾರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಹೇಳುತ್ತೇನೆ, ಆದರೆ ಮೊದಲು ಮೇಣದ ಮಾತು ಮುಗಿಯಲಿ. ನಮ್ಮ ಕಡೆ ಹಲಸು ಕೊಯ್ಯುವುದೆಂದರೆ ಸಣ್ಣ ಕೆಲಸವಲ್ಲ. ಕೈಗೆ, ಕತ್ತಿಗೆ, ಕೂರುವ ಮಣೆಗೆ ಕೂಡ ತೆಂಗಿನೆಣ್ಣೆ ಸವರಬೇಕು. ಕೊಯ್ದಾಗ ಒಸರುವ ಬಿಳಿಯ ಮೇಣವನ್ನು ನಮ್ಮಮ್ಮ ಒಂದು ಕೋಲಿಗೆ ಸುತ್ತಿ ಸುತ್ತಿ ಉಂಡೆ ಮಾಡಿ ಅಡುಗೆಮನೆಯ ಮಾಡಿನ ಸಂದಿಗೆ ಸಿಕ್ಕಿಸುತ್ತಿದ್ದಳು. ಕೊಡಪಾನ ತೂತಾದರೆ ಆ ಕೋಲನ್ನು ಒಲೆಯ ಬೆಂಕಿಗೆ ಹಿಡಿದು, ಕರಗಿ ಬಂದ ಮೇಣವನ್ನು ತೂತಿಗೆ ಮೆತ್ತಿದರೆ ಆಯಿತು. ಆರಿದ ಮೇಲೆ ಅದು ಕಲ್ಲು. ಅದನ್ನು ತೆಗೆಯಬೇಕಾದರೆ ಮತ್ತೆ ಬಿಸಿ ತಾಗಿಸಬೇಕು, ತೆಂಗಿನೆಣ್ಣೆ ತಿಕ್ಕಬೇಕು. ಬೇರೆ ಯಾವ ದಾರಿಯೂ ಇಲ್ಲ. ಇದನ್ನು ನಾನು ಏಳನೆಯ ವಯಸ್ಸಿನಲ್ಲೇ ತಿಳಿದುಕೊಂಡೆ. ಆ ಕೋಲಿನಿಂದ ಹಕ್ಕಿ ಹಿಡಿಯುತ್ತೇನೆಂದು ಹೊರಟು ಅದನ್ನು ತಲೆಗೇ ತಾಗಿಸಿಕೊಂಡೆ. ಅಮ್ಮ ಬಿಸಿ ಎಣ್ಣೆ ತಿಕ್ಕಿ ತಿಕ್ಕಿ ಸೋತು ಕೊನೆಗೆ ನಡುನೆತ್ತಿಯ ಕೂದಲನ್ನೇ ಕತ್ತರಿಸಿದಳು. ಒಂದು ತಿಂಗಳು ಶಾಲೆಗೆ ಟೊಪ್ಪಿ ಹಾಕಿಕೊಂಡು ಹೋದೆ.

ಇಷ್ಟು ಅನುಭವ ಇದ್ದವನು ದೊಡ್ಡವನಾದ ಮೇಲೆ ಮೇಣದ ತಂಟೆಗೆ ಹೋಗಬಾರದಿತ್ತು. ಆದರೆ ದೊಡ್ಡವನಾಗಿ ನಾನು ವಕೀಲನಾದೆ, ಅದಕ್ಕಿಂತ ಹೆಚ್ಚಾಗಿ ಅಳಿಯನಾದೆ.

ಅರವತ್ತರ ದಶಕದ ಮೊದಲ ವರ್ಷಗಳು. ಪುತ್ತೂರಿನ ಕೋರ್ಟಿನಲ್ಲಿ ನಾನು ಹೊಸ ವಕೀಲ. ಗಡಿ ತಕರಾರು, ದಾರಿ ತಕರಾರು, ತಕರಾರಿನ ಮೇಲಿನ ತಕರಾರು, ಇಂಥವುಗಳಲ್ಲಿ ಹಿರಿಯ ವಕೀಲರಿಗೆ ಬೇಡವಾದವು ನನ್ನ ಪಾಲಿಗೆ ಬರುತ್ತಿದ್ದವು. ಮಾವನ ಮನೆ ಸುಳ್ಯ ದಾಟಿ ಆಚೆ, ಕಲ್ಲುಗುಂಡಿಯಲ್ಲಿ. ಮಾವ ಹೊಸ ಜೀಪು ಕೊಂಡಾಗ ತಮ್ಮ ಹಳೆಯ ಕಾರನ್ನು ನಮಗೆ ಕೊಟ್ಟರು. ಕೊಟ್ಟರು ಎಂದರೆ ಕಾರು ನಮ್ಮ ಅಂಗಳದಲ್ಲಿ ನಿಂತಿತು ಎಂದಷ್ಟೇ ಅರ್ಥ. ಅದು ಈಗಲೂ ತಮ್ಮದೇ ಎಂಬ ವಿಷಯದಲ್ಲಿ ಅವರಿಗೆ ಯಾವ ಸಂಶಯವೂ ಇರಲಿಲ್ಲ. (ಅವರೂ ನಾವೂ ಮನೆಯಲ್ಲಿ ಆಡುವುದು ಅರೆಭಾಷೆ. ಅದನ್ನು ಹಾಗೆಯೇ ಬರೆದರೆ ಅರ್ಧ ಓದುಗರು ದಾರಿ ತಪ್ಪಿಯಾರೆಂದು ಊರ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ. ಮಾವನ ಗಂಟಲಿನ ಗಡಸನ್ನು ನೀವೇ ಸೇರಿಸಿಕೊಳ್ಳಬೇಕು.)

ಕಾರಿನೊಟ್ಟಿಗೆ ಒಂದು ಇಂಗ್ಲಿಷ್ ಪುಸ್ತಕವೂ ಬಂದಿತ್ತು, ಅದರಲ್ಲಿ ಕಾರಿನ ಒಂದೊಂದು ಅಂಗಕ್ಕೂ ಚಿತ್ರವಿತ್ತು. ಅದನ್ನು ಓದಿದ ಮೇಲೆ ಕಾರೆಂದರೆ ಕಾಯಿದೆ ಪುಸ್ತಕದಷ್ಟೇ ಸುಲಭವೆಂದು ನನಗೆ ಅನಿಸಿತು. ಒಂದು ಭಾನುವಾರ ಕೂತು ಆಯಿಲ್ ಫಿಲ್ಟರನ್ನು ಬಿಚ್ಚಿದೆ. ಆ ಕಾಲದ ಫಿಲ್ಟರ್ ಎಂದರೆ ಇಂಜಿನ್ನಿನ ಪಕ್ಕದಲ್ಲಿ ಕೂತ ಒಂದು ಕಬ್ಬಿಣದ ಡಬ್ಬಿ. ನಡುವೆ ಉದ್ದದ ಒಂದು ಬೋಲ್ಟು ಡಬ್ಬಿಯನ್ನು ಹಿಡಿದುಕೊಳ್ಳುತ್ತದೆ, ಒಳಗೆ ಎಣ್ಣೆ ಸೋಸುವ ಸುರುಳಿ, ಬಾಯಿಗೆ ರಬ್ಬರಿನ ಬಳೆಯಂಥ ಒಂದು ವಾಷರು. ಎಲ್ಲವನ್ನೂ ಒರೆಸಿ ಮತ್ತೆ ಕೂರಿಸಿ ಬೋಲ್ಟು ಬಿಗಿದು ಎದ್ದು ನಿಂತಾಗ ವಾಷರು ನೆಲದ ಮೇಲೆ ಉಳಿದಿತ್ತು. ಪುನಃ ಬಿಚ್ಚುವುದಕ್ಕೆ ಉದಾಸೀನ. ಇಂಗ್ಲಿಷರು ಧಾರಾಳಿಗಳು, ಒಂದು ಹೆಚ್ಚಿಗೆ ಕೊಟ್ಟಿರಬೇಕು ಎಂದು ತೀರ್ಮಾನಿಸಿ ಅದನ್ನು ಮೇಜಿನ ಸೆಳೆಖಾನೆಗೆ ಹಾಕಿದೆ.

ಎಣ್ಣೆ ತೊಟ್ಟು ತೊಟ್ಟಾಗಿ ಬೀಳತೊಡಗಿತು. ಬೊಳುವಾರಿನ ಹತ್ತಿರ ವರ್ಕ್‌ಶಾಪು ಇಟ್ಟಿದ್ದ ಬ್ಯಾರಿ ಮೋನಾಕ ಅದನ್ನು ಕಂಡುಬಿಟ್ಟ. ಮಾವನ ಕಾಲದಿಂದಲೂ ಆ ಕಾರಿನ ರಿಪೇರಿ ಅವನದೇ. ಕಾರಿನ ಕ್ಷೇಮಸಮಾಚಾರ ಅವನ ಬಾಯಿಂದ ಬಸ್ಸಿನ ಡ್ರೈವರಿಗೆ, ಡ್ರೈವರನಿಂದ ಕಲ್ಲುಗುಂಡಿಗೆ ಅದೇ ದಿನ ತಲುಪುತ್ತಿತ್ತು. ಅಂಚೆಯವರಿಗೆ ಅಷ್ಟು ವೇಗ ಸಾಧ್ಯವಿರಲಿಲ್ಲ. "ಅಳಿಯ ಕಾರಿನ ಎಣ್ಣೆ ಚೆಲ್ಲುತ್ತಾ ತಿರುಗುತ್ತಾನಂತೆ, ಬಂದು ನೋಡುತ್ತೇನೆ" ಎಂದು ಮಾವನಿಂದ ಹೇಳಿಕೆ ಬಂತು.

ಅವರು ಬರುವ ಮೊದಲು ನಾನು ಸಕಲೇಶಪುರದ ಕಡೆ ಒಬ್ಬ ಗೆಳೆಯನ ಮದುವೆಗೆ ಹೋಗಬೇಕಾಗಿತ್ತು, ಹೋದೆ. ಹಿಂದೆ ಬರುವಾಗ ಶಿರಾಡಿ ಘಾಟಿ ಇಳಿದು ಗುಂಡ್ಯ ಮುಟ್ಟುವಷ್ಟರಲ್ಲಿ ತೊಟ್ಟು ಹೋಗಿ ಧಾರೆಯಾಗಿತ್ತು. ಚಹಾದ ಗುಡಿಸಲಿನ ಎದುರು ನಿಲ್ಲಿಸಿದೆ. ಗುಡಿಸಲಿನ ಅಕ್ಕ ಹೊರಗೆ ಕೂತು ಹಲಸು ಕೊಯ್ಯುತ್ತಿದ್ದಳು. ಬಾನೆಟ್ಟಿನೊಳಗೆ ಒಮ್ಮೆ ಇಣುಕಿ, "ಇದಕ್ಕೆಂತ ಇಷ್ಟು ತಲೆಬಿಸಿ ಮಾರಾಯ್ರೆ, ಬಾಯಿಗೆ ಮೇಣ ಮೆತ್ತಿ" ಎಂದಳು. ನಾನು ಡಬ್ಬಿ ಬಿಚ್ಚಿದೆ, ಅವಳು ಮೇಣದ ಕೋಲನ್ನು ಒಲೆಗೆ ಹಿಡಿದು ಡಬ್ಬಿಯ ಬಾಯಿಯ ಸುತ್ತ ಬಳೆ ತೊಡಿಸಿದ ಹಾಗೆ ಮೆತ್ತಿದಳು, ಬಿಸಿ ಇರುವಾಗಲೇ ಕೂರಿಸಿ ಬೋಲ್ಟು ಬಿಗಿದೆ. ಜೊತೆಗೆ ಇಟ್ಟುಕೊಂಡಿದ್ದ ಎಣ್ಣೆ ತುಂಬಿಸಿ ಹೊರಟೆ. ಪುತ್ತೂರಿನವರೆಗೆ ಒಂದು ತೊಟ್ಟು ಬೀಳಲಿಲ್ಲ.

ಮರುದಿನ ಮಾವ ಬಂದು ಕಾರಿನ ಅಡಿಗೆ ಕಾಗದ ಹಾಸಿ ಒಂದು ಗಂಟೆ ಕಾದರು. ಕಾಗದ ಒಣಗಿಯೇ ಇತ್ತು. "ಎಂತ ಮಾಡಿದ್ರಿ?" ಎಂದರು. ಆ ಗಳಿಗೆಯಲ್ಲಿ ನಾನು ಗುಂಡ್ಯದ ಅಕ್ಕನ ಹೆಸರು ಹೇಳಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅಕ್ಕನ ಹೆಸರು ಹೇಳಬೇಕಾದರೆ ವಾಷರಿನ ಕಥೆಯನ್ನೂ ಹೇಳಬೇಕು. "ಬೊಂಬಾಯಿಯಿಂದ ಒಂದು ಪೇಸ್ಟು ತರಿಸಿದೆ" ಎಂದುಬಿಟ್ಟೆ. ಅದು ಬಾಯಿಗೆ ಎಲ್ಲಿಂದ ಬಂತೋ ತಿಳಿಯದು. ಕಕ್ಷಿಗಾರರಿಗೆ ಹೇಳಿಕೊಟ್ಟು ಹೇಳಿಕೊಟ್ಟು ಅಭ್ಯಾಸವಾಗಿತ್ತೆಂದು ಕಾಣುತ್ತದೆ. ಮಾವನ ಮುಖ ಅರಳಿತು. ಮದುವೆಯಾಗಿ ಒಂದೂವರೆ ವರ್ಷದಲ್ಲಿ ಅವರು ನನ್ನ ಬೆನ್ನು ತಟ್ಟಿದ್ದು ಅದೇ ಮೊದಲು. ಕಲ್ಲುಗುಂಡಿಯಲ್ಲಿ, ಸಂಪಾಜೆಯಲ್ಲಿ, ಅರಂತೋಡಿನ ಸಂತೆಯಲ್ಲಿ ಅವರು ಅಳಿಯನ ಬೊಂಬಾಯಿ ಪೇಸ್ಟಿನ ಮಹಿಮೆ ಹೇಳಿಕೊಂಡು ತಿರುಗಿದರಂತೆ.

ಮೇಣ ತನ್ನ ಕೆಲಸ ಮಾಡುತ್ತಾ ಹೋಯಿತು. ಕಾರು ಓಡುವಾಗ ಬಿಸಿಗೆ ಮೆತ್ತಗಾಗಿ ಸಂದುಗಳಿಗೆಲ್ಲ ಇಳಿಯಿತು, ನಿಂತಾಗ ಆರಿ ಗಟ್ಟಿಯಾಯಿತು. ಏಳು ತಿಂಗಳು ಹೀಗೆ ನಡೆಯಿತು. ನಾನೂ ಅದನ್ನು ಮರೆತೆ. ಅಷ್ಟರಲ್ಲಿ ನನ್ನ ಹೆಂಡತಿ ದೇವಕಿ ತುಂಬು ಬಸುರಿ.

ನನ್ನ ತಾಯಿ ಆಗಲೇ ತೀರಿಹೋಗಿದ್ದರು. ಪುತ್ತೂರಿನ ಬಾಡಿಗೆ ಮನೆಯಲ್ಲಿ ಹೆಣ್ಣು ಅಂತ ಇದ್ದವಳು ದೇವಕಿ ಒಬ್ಬಳೇ. ಬಯಕೆಯ ಶಾಸ್ತ್ರವನ್ನೂ ಹೆರಿಗೆಯನ್ನೂ ಕಲ್ಲುಗುಂಡಿಯಲ್ಲೇ ಮಾಡುವುದೆಂದು ಹಿರಿಯರು ನಿರ್ಧರಿಸಿದ್ದರು. ಒಂದು ಬುಧವಾರ ಮುಹೂರ್ತ ಇಟ್ಟರು. ಡಾಕ್ಟರಮ್ಮ ದೇವಕಿಯನ್ನು ನೋಡಿ, "ಬಸ್ಸಿನಲ್ಲಿ ಬೇಡವೇ ಬೇಡ. ಕಾರಿನಲ್ಲಿ ಮೆಲ್ಲಗೆ ಹೋಗಿ. ಈ ವಾರ ಹೋಗದಿದ್ದರೆ ಮತ್ತೆ ಹೆರಿಗೆ ಇಲ್ಲಿಯೇ" ಎಂದಿದ್ದರು. ದೇವಕಿ ಆ ದಿನದಿಂದ ಪೆಟ್ಟಿಗೆ ತುಂಬಿಸುತ್ತಾ, ತೆಗೆಯುತ್ತಾ, ಪುನಃ ತುಂಬಿಸುತ್ತಾ ಇದ್ದಳು. ಗೋಡೆಯ ಕ್ಯಾಲೆಂಡರಿನಲ್ಲಿ ಬುಧವಾರಕ್ಕೆ ಕುಂಕುಮದ ಒಂದು ಬೊಟ್ಟು ಇಟ್ಟಿದ್ದಳು.

ಸೋಮವಾರ ಬಸ್ಸಿನ ಕಂಡಕ್ಟರ್ ಒಂದು ಕಟ್ಟು ತಂದುಕೊಟ್ಟ. ಮಾವ ಕಳಿಸಿದ್ದು. ಒಳಗೆ ಹೊಸ ಫಿಲ್ಟರಿನ ಸುರುಳಿ, ಹೊಸ ವಾಷರು, ಒಂದು ಚೀಟಿ. ಮಗಳನ್ನು ಕೂರಿಸಿಕೊಂಡು ಬರುವ ಮುಂಚೆ ಎಣ್ಣೆ, ಫಿಲ್ಟರು ಎರಡನ್ನೂ ಬದಲಿಸಬೇಕು. ಹಳೆಯದನ್ನು ಎಸೆಯದೆ ತಂದು ತೋರಿಸಬೇಕು. ಬೊಂಬಾಯಿ ಪೇಸ್ಟು ಹೇಗೆ ಹಿಡಿದಿದೆ ಎಂದು ತಾವು ಕಣ್ಣಾರೆ ನೋಡಬೇಕು. ಮೋನಾಕನ ಹತ್ತಿರ ಮಾಡಿಸಿದರೆ ಒಳ್ಳೆಯದು ಎಂದು ಕೊನೆಯಲ್ಲಿ ಬರೆದಿದ್ದರು.

ಮೋನಾಕನ ಹತ್ತಿರ ಹೋಗುವುದೆಂದರೆ ನಾನೇ ಹೋಗಿ ತಪ್ಪೊಪ್ಪಿಗೆ ಬರೆದುಕೊಟ್ಟ ಹಾಗೆ. ಡಬ್ಬಿಯನ್ನು ಮುಟ್ಟಿದ ಕೂಡಲೇ ಅವನಿಗೆ ತಿಳಿಯುತ್ತಿತ್ತು. ಬ್ಯಾರಿಗಳ ಮನೆಯಲ್ಲೂ ಹಲಸು ಕೊಯ್ಯುತ್ತಾರೆ. ಮಂಗಳವಾರ ಕೋರ್ಟಿಗೆ ರಜೆ ಹಾಕಿ ಮನೆಯಲ್ಲೇ ಬಿಚ್ಚುತ್ತೇನೆ, ಮೇಣವನ್ನೆಲ್ಲ ಕೆರೆದು ಒರೆಸಿ, ಪೇಸ್ಟು ತಾನಾಗಿ ಕರಗಿ ಹೋಯಿತೆಂದು ಮಾವನಿಗೆ ಹೇಳುತ್ತೇನೆ ಎಂದು ಯೋಜನೆ ಹಾಕಿದೆ. ಯೋಜನೆ ಚೆನ್ನಾಗಿಯೇ ಇತ್ತು. ಕಾರಿಗೆ ಮಾತ್ರ ಅದು ಒಪ್ಪಿಗೆಯಾಗಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಮಡ್ಡಿ ಬಣ್ಣದ ಹಳೆಯ ಧೋತರ ಉಟ್ಟು ಕೆಲಸಕ್ಕೆ ಇಳಿದೆ. ಮೊದಲು ಎಣ್ಣೆ ಇಳಿಸಿದೆ. ಅದಕ್ಕೆ ಪಕ್ಕದ ಮನೆಯ ಮಾಸ್ಟ್ರು ಬಕೆಟ್ಟು ಹಿಡಿದುಕೊಂಡೇ ನಿಂತಿದ್ದರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು. ಕೊಟ್ಟಿಗೆಯ ಕಂಬಗಳಿಗೆ ಗೆದ್ದಲು ಹತ್ತದಂತೆ ಸುಟ್ಟ ಎಣ್ಣೆ ಬಳಿಯುವುದು ನಮ್ಮ ಕಡೆಯ ಪದ್ಧತಿ. ಅರ್ಧ ಗಂಟೆಯೊಳಗೆ ನನ್ನ ಕಾರಿನ ಎಣ್ಣೆಯೆಲ್ಲ ಅವರ ಕಂಬಗಳ ಮೇಲಿತ್ತು. ಇದನ್ನು ಯಾಕೆ ಹೇಳುತ್ತೇನೆಂದರೆ, ಎಣ್ಣೆ ಇದ್ದಿದ್ದರೆ ಇಂಜಿನ್ನು ಶುರು ಮಾಡಿ ಡಬ್ಬಿಯನ್ನು ಬಿಸಿ ಮಾಡಬಹುದಿತ್ತು. ಬುದ್ಧಿ ಇದ್ದವನು ಮೊದಲು ಫಿಲ್ಟರು ಬಿಡುತ್ತದೋ ನೋಡುತ್ತಾನೆ, ಆಮೇಲೆ ಎಣ್ಣೆ ಇಳಿಸುತ್ತಾನೆ. ಹೊಸ ಎಣ್ಣೆ ಇದ್ದದ್ದು ಒಂದು ಸಲಕ್ಕೆ ಆಗುವಷ್ಟು ಮಾತ್ರ. ಅದನ್ನು ಈ ಕೊಳಕಿನ ಮೇಲೆ ಸುರಿಯಲು ಮನಸ್ಸಾಗಲಿಲ್ಲ.

ಬೋಲ್ಟು ತಿರುಗಿಸಿದೆ. ಅದು ಸಲೀಸಾಗಿ ಕೈಗೆ ಬಂತು. ಡಬ್ಬಿ ಬರಲಿಲ್ಲ. ಎಳೆದೆ, ಅಲ್ಲಾಡಿಸಿದೆ, ಮರದ ಸುತ್ತಿಗೆಯಿಂದ ತಟ್ಟಿದೆ. ಹಿಡಿದುಕೊಳ್ಳಲು ಏನೂ ಇಲ್ಲದ ಡಬ್ಬಿ ಇಂಜಿನ್ನಿಗೆ ಅಂಟಿ ಕೂತೇ ಇತ್ತು. ಸಂದಿಗೆ ಚಿಮಿಣಿ ಎಣ್ಣೆ ಬಿಟ್ಟು ಉಗುರಿನಿಂದ ಕೆರೆದೆ. ಸ್ವಲ್ಪ ಮೇಣ ಬೆರಳಿಗೆ ಹತ್ತಿತು, ಡಬ್ಬಿಗೆ ಅದು ಗೊತ್ತೂ ಆಗಲಿಲ್ಲ.

ಆಗ ಗೇಟಿನ ಹತ್ತಿರ ಲಾರಿ ನಿಂತ ಸದ್ದು. ಮೋನಾಕನ ಸ್ವರ. ನಾನು ತಡಮಾಡದೆ ಕಾರಿನಡಿಗೆ ನುಸುಳಿದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡದ್ದು ಇದಕ್ಕಿಂತ ಚೊಕ್ಕದಾಗಿತ್ತು. ನನ್ನ ಎರಡೂ ಕಾಲು ಹೊರಗೇ ಇದ್ದವು.

"ವಕೀಲ್ರೆ, ಎಂತ ಮಾಡುದು ಅಡಿಯಲ್ಲಿ?" ಎಂದ ಮೋನಾಕ, ನನ್ನ ಕಾಲುಗಳೊಡನೆ.

"ಎಂತ ಇಲ್ಲ. ಹೀಗೇ ನೋಡುದು."

"ಫಿಲ್ಟರ್ ತೆಗಿಲಿಕ್ಕುಂಟು ಅಂತ ಕಲ್ಲುಗುಂಡಿಯಿಂದ ಸುದ್ದಿ ಬಂತು. ನಾನು ಮಂಗಳೂರಿಗೆ ಹೊರಟದ್ದು, ಮರ ಇಳಿಸಿ ನಾಡಿದ್ದು ಬರುದು. ಈಗ ಬೇಕಾದ್ರೆ ಐದು ನಿಮಿಷ ಕೊಡ್ತೇನೆ. ಬೋಲ್ಟು ತೆಗ್ದ್ರೆ ಡಬ್ಬಿ ತಾನೇ ಕೆಳಗೆ ಬೀಳ್ತದೆ, ಅದ್ರಲ್ಲಿ ಎಂತ ಕೆಲಸ ಇಲ್ಲ."

"ಬಿದ್ದಾಯ್ತು ಮೋನಾಕ" ಎಂದೆ. ಡಬ್ಬಿ ನನ್ನ ಮೂಗಿನಿಂದ ಒಂದು ಗೇಣು ಮೇಲೆ ಕದಲದೆ ಕೂತಿತ್ತು. ಲಾರಿ ಹೊರಟುಹೋಯಿತು. ಪುತ್ತೂರಿನಲ್ಲಿ ಆ ಡಬ್ಬಿಯನ್ನು ತೆಗೆಯಬಲ್ಲ ಒಬ್ಬನೇ ಒಬ್ಬ ಮನುಷ್ಯನನ್ನು ಹೀಗೆ ನಾನೇ ಸಾಗಹಾಕಿದೆ.

ಊಟದ ಹೊತ್ತಿಗೆ ಮಾಸ್ಟ್ರು ಕಂಬ ಬಳಿದು ಮುಗಿಸಿ ಕೈ ಒರೆಸಿಕೊಳ್ಳುತ್ತಾ ಬಂದರು. ಬಾನೆಟ್ಟಿನೊಳಗೆ ತಲೆ ಹಾಕಿ ನೋಡಿದರು.

"ಬೋಲ್ಟು ಎಲ್ಲಿ?"

"ಇದಾ, ಕೈಯಲ್ಲಿ ಉಂಟು."

"ಮತ್ತೆ ಡಬ್ಬಿಯನ್ನು ಹಿಡ್ಕೊಂಡದ್ದು ಎಂತದ್ದು?"

ಉತ್ತರ ನನಗೆ ಗೊತ್ತಿತ್ತು. ಬೋಲ್ಟನ್ನು ಧೋತರಕ್ಕೆ ಒರೆಸತೊಡಗಿದೆ. ಮಾಸ್ಟ್ರ ಕಣ್ಣಿನಲ್ಲಿ ಮೂವತ್ತು ವರ್ಷದ ಪಾಠ ಮಿನುಗಿತು. "ನಿರ್ವಾತ ಮಾರಾಯ್ರೆ. ನೀವು ಎಣ್ಣೆ ಇಳಿಸಿದ್ರಿ, ಒಳಗೆ ಖಾಲಿ ಆಯ್ತು. ಹೊರಗಿನ ಗಾಳಿ ಒತ್ತಿ ಹಿಡ್ಕೊಂಡಿದೆ. ಎರಡು ಅರ್ಧಗೋಲ ಜೋಡಿಸಿ, ಒಳಗಿನ ಗಾಳಿ ತೆಗ್ದು, ಆ ಕಡೆ ಈ ಕಡೆ ಕುದುರೆ ಕಟ್ಟಿ ಎಳ್ದ್ರೂ ಬಿಡ್ಲಿಲ್ಲ ಅಂತ ನಾನು ಎಷ್ಟು ಮಕ್ಕಳಿಗೆ ಕಲಿಸಿದ್ದೇನೆ."

"ನನಗೂ ಹಾಗೆಯೇ ಕಾಣ್ತದೆ" ಎಂದೆ. ಸುಳ್ಳಿಗೆ ವಿಜ್ಞಾನದ ಬೆಂಬಲ ಸಿಗುವುದು ಅಪರೂಪ, ಸಿಕ್ಕಿದಾಗ ಬಿಡಬಾರದು.

ದೇವಕಿ ಜಗಲಿಯಲ್ಲಿ ಕಂಬಕ್ಕೆ ಒರಗಿ ಕೂತಿದ್ದಳು. "ಬೋಲ್ಟಿನ ತೂತು ಉಂಟಲ್ಲ, ಗಾಳಿ ಅದ್ರಲ್ಲಿ ಒಳಗೆ ಹೋಗುದಿಲ್ವಾ?" ಎಂದು ಮೆಲ್ಲಗೆ ಕೇಳಿದಳು. ಮಾಸ್ಟ್ರು ಆ ಪ್ರಶ್ನೆ ಪಾಠದಲ್ಲಿ ಇಲ್ಲ ಎಂಬಂತೆ ಅವಳ ಕಡೆ ನೋಡಿದರು. ಆಮೇಲೆ ನಾವಿಬ್ಬರೂ ಆ ಪ್ರಶ್ನೆ ಕೇಳಿಸದವರಂತೆ ಹಗ್ಗ ತರಲು ಹೋದೆವು.

ಹಗ್ಗ ಮಾಸ್ಟ್ರ ಕೊಟ್ಟಿಗೆಯದು, ಎತ್ತು ಕಟ್ಟುವ ತೆಂಗಿನ ನಾರಿನ ಹಗ್ಗ. ಡಬ್ಬಿಯ ಸುತ್ತ ಮೂರು ಸುತ್ತು ಹಾಕಿ ಗಂಟು ಬಿಗಿದು, ಕುದುರೆಗಳಿಲ್ಲದ ಕಾರಣ ಕಾರಿನ ಎದುರಿಗೆ ನಾವಿಬ್ಬರೇ ನಿಂತು ಜಗ್ಗಿದೆವು. ಒಂದು, ಎರಡು, ಮೂರು ಎಂದು ಮಾಸ್ಟ್ರು ಎಣಿಸಿದರು. ಮೂರನೆಯ ಜಗ್ಗಿಗೆ ಸಡಿಲವಾದ ಹಾಗಾಯಿತು. ಬಂತು ಎಂದು ಇಬ್ಬರೂ ಸಂತೋಷಪಟ್ಟೆವು. ಬಂದದ್ದು ಕಾರು. ನಾನು ಹ್ಯಾಂಡ್ ಬ್ರೇಕು ಹಾಕಿರಲಿಲ್ಲ. ಅಂಗಳದ ಇಳಿಜಾರಿನಲ್ಲಿ ಅದು ಗಂಭೀರವಾಗಿ ನಮ್ಮ ಮೇಲೆಯೇ ನಡೆದು ಬಂತು. ಮಾಸ್ಟ್ರು ಹಗ್ಗ ಬಿಟ್ಟು ಒಂದು ಕಡೆ ಹಾರಿದರು, ನಾನು ಇನ್ನೊಂದು ಕಡೆ. ಕಾರು ತುಳಸಿಕಟ್ಟೆಗೆ ಒಂದು ಮೊಳ ಇರುವಾಗ ಕಲ್ಲಿಗೆ ತಾಗಿ ನಿಂತಿತು. ಡಬ್ಬಿ ಮೊದಲು ಎಲ್ಲಿತ್ತೋ ಅಲ್ಲೇ ಇತ್ತು.

"ವಾತಾವರಣದ ಒತ್ತಡ ಇಷ್ಟು ಅಂತ ನಾನು ಸಹ ಗ್ರಹಿಸಿರ್ಲಿಲ್ಲ" ಎಂದು ಹೇಳಿ ಮಾಸ್ಟ್ರು ಹಗ್ಗ ಸುತ್ತಿಕೊಂಡು ಮನೆಗೆ ಹೋದರು.

ದೇವಕಿ ಜಗಲಿಯಿಂದ ಇಳಿದು ಬಂದಳು. ಒಂದು ಕೈ ಸೊಂಟದ ಮೇಲೆ, ಒಂದೊಂದೇ ಮೆಟ್ಟಿಲು. ಬಂದವಳು ಡಬ್ಬಿಯನ್ನು ನೋಡಲಿಲ್ಲ. ನನ್ನ ಬಲಗೈ ಹಿಡಿದು ಮೇಲೆತ್ತಿದಳು. ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅವಳು ತೋರುಬೆರಳನ್ನೂ ನಡುಬೆರಳನ್ನೂ ಬಿಡಿಸಿದಾಗ ನಡುವೆ ಕಂದು ಬಣ್ಣದ ಒಂದು ಎಳೆ ಜಗ್ಗಿತು.

"ಎಣ್ಣೆ ಹತ್ತಿದ ಕೈ ಜಾರ್ಬೇಕು" ಎಂದಳು. "ನಿಮ್ಮದು ಅಂಟುದು ಯಾಕೆ?"

ಐದು ವರ್ಷ ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸಿದವನು ನಾನು. ಇಷ್ಟು ಚಿಕ್ಕ ಪ್ರಶ್ನೆಯನ್ನು ಒಮ್ಮೆಯೂ ಕೇಳಿರಲಿಲ್ಲ. ಅವಳು ಬೆರಳುಗಳನ್ನು ಮೂಗಿನ ಹತ್ತಿರ ತಂದಳು. "ಹಲಸಿನ ಮೇಣ" ಎಂದಳು. ಕೇಳಿದ್ದಲ್ಲ, ಹೇಳಿದ್ದು.

ಹೇಳಿದೆ. ಸೆಳೆಖಾನೆಯ ವಾಷರಿನಿಂದ ಹಿಡಿದು ಗುಂಡ್ಯದ ಅಕ್ಕನವರೆಗೆ, ಬೊಂಬಾಯಿಯಿಂದ ಹಿಡಿದು ಮೋನಾಕನವರೆಗೆ ಎಲ್ಲ. ಅವಳು ನಗುತ್ತಾಳೆಂದು ಎಣಿಸಿದ್ದೆ. ನಕ್ಕಿದ್ದರೆ ನಾನೂ ನಗುತ್ತಿದ್ದೆ. ಅವಳು ನಗಲಿಲ್ಲ.

"ಬೆಳಿಗ್ಗೆಯಿಂದ ನಾನು ಅಲ್ಲಿ ಕೂತು ನೋಡ್ತಾ ಇದ್ದೇನೆ" ಎಂದಳು. "ಕಾರು ಹಾಳಾಯ್ತು, ನಾಳೆ ಹೋಗ್ಲಿಕ್ಕಾಗುದಿಲ್ಲ, ಇವ್ರು ನನ್ನ ಹತ್ರ ಹೇಳ್ತಾ ಇಲ್ಲ ಅಂತ ಗ್ರಹಿಸಿದ್ದೆ. ಅಪ್ಪ ಎಂತ ಹೇಳ್ತಾರೋ ಅಂತ ನಿಮಗೆ ಹೆದರಿಕೆ. ನನಗೆ ಹೆರಿಗೆಯ ಹೆದರಿಕೆ. ಯಾವುದು ದೊಡ್ಡದು ನೀವೇ ಹೇಳಿ."

ಅವಳಿಗೆ ಹೆದರಿಕೆ ಇದೆ ಎಂಬುದೇ ನನಗೆ ಆ ತನಕ ಹೊಳೆದಿರಲಿಲ್ಲ. ಪೆಟ್ಟಿಗೆ ತುಂಬಿಸಿ ತೆಗೆದು ತುಂಬಿಸುವುದನ್ನು ತವರಿಗೆ ಹೋಗುವ ಸಂಭ್ರಮ ಎಂದು ಎಣಿಸಿ, ಕೋರ್ಟಿನಲ್ಲಿ ಗೆಳೆಯರಿಗೆ ಹೇಳಿ ನಗಿಸಿದ್ದೆ. ನಿಜ ಹೇಳಬೇಕೆಂದರೆ ನನಗೆ ಆಗ ನಾಚಿಕೆಯಾಯಿತು, ಇವತ್ತು ಬರೆಯುವಾಗಲೂ ಆಗುತ್ತದೆ.

"ನನಗೆ ನಾಳೆ ಅಮ್ಮನ ಹತ್ರ ಹೋಗ್ಬೇಕು" ಎಂದು ಮಾತ್ರ ಹೇಳಿ ಅವಳು ಒಳಗೆ ಹೋದಳು. ಅಳಲು ಹೋದಳೆಂದು ತಿಳಿದೆ. ಹಿಂದೆ ಬರುವಾಗ ಅವಳ ಕೈಯಲ್ಲಿ ತೆಂಗಿನೆಣ್ಣೆಯ ಗಿಂಡಿ, ಹೆಗಲಲ್ಲಿ ಹರಿದ ಗೋಣಿಯ ತುಂಡು. "ಬಚ್ಚಲಿನ ಹಂಡೆಯಲ್ಲಿ ನೀರು ಕಾದು ಉಂಟು, ತನ್ನಿ" ಎಂದಳು.

ಅವಳು ಮಣೆ ಹಾಕಿ ಕೂತಳು, ನಾನು ಅವಳು ಹೇಳಿದ ಹಾಗೆ ಮಾಡಿದೆ. ಗೋಣಿಯನ್ನು ಕುದಿನೀರಿನಲ್ಲಿ ಅದ್ದಿ ಡಬ್ಬಿಯ ಬಾಯಿಗೆ ಸುತ್ತಿದೆ. ಆರಿದಾಗ ತೆಗೆದು ಪುನಃ ಅದ್ದಿದೆ. ನಾಲ್ಕು ಸಲ. ಐದನೆಯ ಸಲಕ್ಕೆ ಬಿಸಿ ಎಣ್ಣೆಯ ಬಟ್ಟೆಯನ್ನು ಸಂದಿಗೆ ತುರುಕಿ ಸುತ್ತಲೂ ಎಳೆದೆ. "ಎಳಿಬೇಡಿ" ಎಂದಳು. "ಎಳಿಯುದಲ್ಲ ಅದು. ಉಪ್ಪಿನಕಾಯಿ ಭರಣಿಯ ಮುಚ್ಚಳ ತಿರುಗಿಸಿದ ಹಾಗೆ ತಿರುಗಿಸಿ." ತಿರುಗಿಸಿದೆ. ಡಬ್ಬಿ ನಿಟ್ಟುಸಿರು ಬಿಟ್ಟ ಹಾಗೆ ಒಂದು ಸದ್ದು ಮಾಡಿ ಕೈಗೆ ಬಂತು. ಬಾಯಿಯ ಸುತ್ತ ಏಳು ತಿಂಗಳ ಮೇಣ ಕಪ್ಪಾಗಿ ಹೊಳೆಯುತ್ತಿತ್ತು. ಎರಡು ಆಳುಗಳ ತಾಕತ್ತು, ಒಂದು ಹಗ್ಗ, ಮೂವತ್ತು ವರ್ಷದ ವಿಜ್ಞಾನ ಎಲ್ಲ ಸೋತ ಜಾಗದಲ್ಲಿ ಒಂದು ಗಿಂಡಿ ಎಣ್ಣೆ ಸಾಕಾಯಿತು.

ದೀಪ ಹಚ್ಚುವ ಹೊತ್ತಿಗೆ ಹೊಸ ಸುರುಳಿ ಕೂತಿತು, ಹೊಸ ವಾಷರು ಕೂತಿತು. ನೆಲದ ಮೇಲೆ ಏನೂ ಉಳಿಯಲಿಲ್ಲವೆಂದು ದೇವಕಿ ತಾನೇ ಒಮ್ಮೆ ನೋಡಿ ಖಚಿತ ಮಾಡಿಕೊಂಡಳು. ಮೇಣ ಹತ್ತಿದ ಹಳೆಯ ಡಬ್ಬಿಯನ್ನು ತಿಕ್ಕಿ ತೊಳೆದು ಮತ್ತೆ ಹಾಕಿ, ಹೊಸ ಎಣ್ಣೆ ತುಂಬಿಸಿದೆವು. ಬಾಯಿಯಿಂದ ಕೆರೆದು ತೆಗೆದ ಮೇಣದ ಬಳೆಯನ್ನೂ ಹಳೆಯ ಸುರುಳಿಯನ್ನೂ ನಾನು ಕಾಗದದಲ್ಲಿ ಕಟ್ಟಿ ಮುಂದಿನ ಸೀಟಿನಲ್ಲಿಟ್ಟೆ. ಎಸೆಯಲಿಕ್ಕೆ ಅವಳು ಹೇಳಲಿಲ್ಲ, ಎಸೆಯಬೇಡಿ ಎಂದೂ ಹೇಳಲಿಲ್ಲ.

ಬುಧವಾರ ಬೆಳಿಗ್ಗೆ ಹೊರಟೆವು. ದೇವಕಿ ಹಿಂದಿನ ಸೀಟಿನಲ್ಲಿ ಎರಡು ದಿಂಬುಗಳ ನಡುವೆ. ಜಾಲ್ಸೂರಿನಲ್ಲಿ ನಿಲ್ಲಿಸಿ ಬಾನೆಟ್ಟು ಎತ್ತಿ ನೋಡಿದೆ, ಒಣಗಿಯೇ ಇತ್ತು. ಸುಳ್ಯದಲ್ಲಿ ಪುನಃ ನೋಡಿದೆ. ಅರಂತೋಡಿನಲ್ಲಿ ನಿಲ್ಲಿಸಲು ಹೊರಟಾಗ "ಎಷ್ಟು ಸಲ ನೋಡುದು, ಹೋಗಿ" ಎಂದಳು. ದಾರಿಯುದ್ದಕ್ಕೂ ನಾನು ಮಾವನಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ನಿಜವನ್ನೇ ಹೇಳುವುದೆಂದು ತೀರ್ಮಾನವಾಗಿತ್ತು, ಆದರೆ ವಕೀಲನಾದವನಿಗೆ ನಿಜವನ್ನು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುವುದು ಕಷ್ಟ.

ಮಾವ ಅಂಗಳದ ಬಾಯಿಯ ದಣಪೆಯ ಹತ್ತಿರವೇ ಕಾಯುತ್ತಿದ್ದರು. ಅಂಗಳದಲ್ಲಿ ಚಪ್ಪರ, ಚಪ್ಪರದಡಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತ ನಂಟರು. ಕಾರು ನಿಲ್ಲುವ ಮೊದಲೇ ಮಾವ ಬಾನೆಟ್ಟಿನ ಮೇಲೆ ಕೈ ಇಟ್ಟಿದ್ದರು. ಇಳಿದು ಎತ್ತಿಕೊಟ್ಟೆ. ಡಬ್ಬಿಯ ಸುತ್ತ ಬೆರಳಾಡಿಸಿ, ಬೆರಳನ್ನು ನೋಡಿ, ತಲೆದೂಗಿದರು. "ಹಳೇದು?" ಎಂದರು. ಕಾಗದದ ಕಟ್ಟನ್ನು ಕೊಟ್ಟೆ. ಬಿಚ್ಚಿ ಮೇಣದ ಬಳೆಯನ್ನು ಒತ್ತಿ ನೋಡಿದರು, ಮೂಸಿದರು.

"ಮಾವ, ಬೊಂಬಾಯಿಯದ್ದು ಎಂತದ್ದೂ ಅಲ್ಲ. ಅದು ಗುಂಡ್ಯದ ಹಲಸಿನ ಮೇಣ" ಎಂದೆ. ಒಂದೇ ಉಸಿರಿನಲ್ಲಿ ಉಳಿದದ್ದನ್ನೂ ಹೇಳಿದೆ.

ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಮಾವ ಚಪ್ಪರದ ಕಡೆ ತಿರುಗಿ ನೋಡಿದರು, ನನ್ನ ಹೆಗಲು ಹಿಡಿದು ಬಾನೆಟ್ಟಿನೊಳಗೆ ಬಗ್ಗಿಸಿದರು.

"ಮೆಲ್ಲ ಮಾತಾಡಿ" ಎಂದರು. "ನಾನು ಊರಿಗೆಲ್ಲ ಹೇಳಿ ಆಗಿದೆ. ಸಂಪಾಜೆಯ ಸಾಹುಕಾರರ ಲಾರಿಗೆ ಒಂದು ಡಬ್ಬಿ ತರಿಸಿ ಕೊಡ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಅವ್ರು ಅಲ್ಲೇ ಕೂತಿದ್ದಾರೆ."

"ನಿಜ ಹೇಳಿದ್ರೆ ಆಯ್ತಲ್ಲ ಮಾವ."

"ನಿಮಗೆ ಆಯ್ತು. ನನಗೆ?"

ಇಬ್ಬರೂ ಇಂಜಿನ್ನಿನ ಮೇಲೆ ಬಗ್ಗಿ ಯೋಚಿಸಿದೆವು. ಪೇಸ್ಟು ದಾರಿಯಲ್ಲಿ ಕಳೆದುಹೋಯಿತೆಂದರೆ ಇನ್ನೊಂದು ತರಿಸಿ ಎಂದಾರು. ಈಗ ಸಿಗುವುದಿಲ್ಲವೆಂದರೆ ಯಾವಾಗ ಸಿಗುತ್ತದೆಂದು ಕೇಳಿಯಾರು. ಆಮದು ನಿಂತಿದೆಯೆಂದರೆ, ಬೊಂಬಾಯಿಯದ್ದಕ್ಕೆ ಆಮದು ಯಾಕೆ? ಒಂದೊಂದು ದಾರಿಯನ್ನೂ ಮಾವ ತಂದರು, ನಾನು ಎದುರು ಪಕ್ಷದ ವಕೀಲನಾಗಿ ಮುಚ್ಚಿದೆ. ಕೊನೆಗೆ ಆ ಪೇಸ್ಟು ಮಾಡುವ ಕಂಪೆನಿಯೇ ಬಾಗಿಲು ಹಾಕಿತು, ಮಾಲಕ ಊರು ಬಿಟ್ಟ ಎಂದು ಇಬ್ಬರಿಗೂ ಒಪ್ಪಿಗೆಯಾಯಿತು. ಹುಟ್ಟದ ಕಂಪೆನಿಯೊಂದನ್ನು ಮಾವ ಅಳಿಯ ಸೇರಿ ಮುಚ್ಚಿದೆವು. ಮಾವನಿಗೆ ನಿರಾಳವಾಯಿತು, ನನಗೂ ಆಯಿತೆಂದು ಹೇಳದಿದ್ದರೆ ತಪ್ಪಾದೀತು. ಅಷ್ಟು ಹೊತ್ತು ನಾವಿಬ್ಬರು ಯಾವತ್ತೂ ಒಟ್ಟಿಗೆ ಮಾತಾಡಿರಲಿಲ್ಲ.

ಇನ್ನೂ ಸುಮಾರು ಹೊತ್ತು ಇಂಜಿನ್ನಿನ ಮಾತಾಡಿ, ಮಾವ ತಲೆ ಎತ್ತಿ ಪಂಚೆಗೆ ಕೈ ಒರೆಸಿಕೊಂಡರು. ಆಮೇಲೆ ಏನೋ ನೆನಪಾದವರಂತೆ, "ಅಲ್ಲ ಅಳಿಯ, ಮಗಳನ್ನು ಕರ್ಕೊಂಡು ಬರ್ಲಿಲ್ವಾ?" ಎಂದರು.

ಹಿಂದಿನ ಸೀಟಿನ ಕಡೆ ನೋಡಿದೆ. ಬಾಗಿಲು ತೆರೆದಿತ್ತು. ದಿಂಬುಗಳೆರಡೇ ಇದ್ದವು.

ಒಳಗೆ ಓಡಿದೆ. ನಡುಕೋಣೆಯಲ್ಲಿ ಅತ್ತೆ ಕಾಲು ಚಾಚಿ ಕೂತಿದ್ದರು. ದೇವಕಿ ಅವರ ಮಡಿಲಲ್ಲಿ ತಲೆಯಿಟ್ಟು ಮಲಗಿದ್ದಳು. ಅತ್ತು ಮುಗಿದ ಕಣ್ಣು, ಆದರೆ ಮುಖ ನಾನು ಮೂರು ತಿಂಗಳಿಂದ ಕಾಣದಷ್ಟು ತಿಳಿಯಾಗಿತ್ತು. ಅಷ್ಟು ಭಾರದ ಹೊಟ್ಟೆ ಹೊತ್ತು ಒಬ್ಬಳೇ ಇಳಿದು ನಡೆದು ಬಂದದ್ದು. ಕೈ ಕೊಡಬೇಕಾಗಿದ್ದ ಇಬ್ಬರ ಕೈಯೂ ಬಾನೆಟ್ಟಿನೊಳಗಿತ್ತು.

"ಕರಿಬಾರದಿತ್ತಾ?" ಎಂದೆ, ಬಾಗಿಲಲ್ಲೇ ನಿಂತು.

ಅವಳು ಕಣ್ಣು ತೆರೆಯದೆ ಹೇಳಿದಳು: "ಕಂಪೆನಿ ಮುಚ್ಚುವಷ್ಟು ಹೊತ್ತು ಕಾದೆ. ಮತ್ತೆ ಇಳಿದು ಬಂದೆ."